ಗುಲಾಮನ ಆಟ ಅಂಗೈಗೆ ಬಂದಾಗ

ರಾತ್ರಿ ಊಟ ಮುಗಿದ ಮೇಲೆ ನಮ್ಮ ನೆರೆಮನೆಯ ನಿವೃತ್ತ ಮೇಷ್ಟರು ಜಗುಲಿಯಲ್ಲಿ ಮೊಬೈಲು ಹಿಡಿದು ಕೂರುತ್ತಾರೆ. ಎದುರಿಗೆ ಯಾರೂ ಇರುವುದಿಲ್ಲ. ಆದರೂ ‘ಹದಿನಾರು’, ‘ಹದಿನೇಳು’ ಎಂದು ಕೂಗುವುದು ಬೀದಿಗೆ ಕೇಳಿಸುತ್ತದೆ. ಮೇಷ್ಟರು ಕಾಸರಗೋಡಿನ ಕಡೆಯವರು. ಆಟದಲ್ಲಿ ಅವರ ಜೊತೆಗಾರನಾದ ತಮ್ಮ ದುಬೈಯಲ್ಲಿದ್ದಾನೆ. ಎದುರಾಳಿಗಳಲ್ಲಿ ಒಬ್ಬರು ತ್ರಿಶ್ಶೂರಿನಲ್ಲಿ, ಇನ್ನೊಬ್ಬರು ಪುಣೆಯಲ್ಲಿ. ನಾಲ್ವರೂ ಆಡುವುದು ‘ಇಪ್ಪತ್ತೆಂಟು’ ಎಂಬ ಇಸ್ಪೀಟಿನ ಆಟ. ಊರು ಬಿಟ್ಟು ಚದುರಿಹೋದ ಮೇಲೆ ನಾಲ್ಕು ಕೈ ಕೂಡದೆ ನಿಂತುಹೋಗಿದ್ದ ಆಟ ಈಗ ಮೊಬೈಲಿನಿಂದಾಗಿ ಮತ್ತೆ ಶುರುವಾಗಿದೆ. ಮೇಷ್ಟರಿಗೆ ಅದರಿಂದ ಸಂತೋಷವೇ. ಅವರದು ಒಂದೇ ದೂರು: ‘ಈ ಯಂತ್ರ ಎಲೆ ಕಲಸುವುದು ಸರಿಯಿಲ್ಲ.’

ಆ ದೂರಿನ ವಿಚಾರಕ್ಕೆ ಹೋಗುವ ಮುನ್ನ ಆಟದ ಪರಿಚಯ ಮಾಡಿಕೊಳ್ಳಬೇಕು. ಕಟ್ಟಿನಲ್ಲಿರುವ 52 ಎಲೆಗಳಲ್ಲಿ ಎರಡರಿಂದ ಆರರವರೆಗಿನವನ್ನು ತೆಗೆದಿಟ್ಟರೆ 32 ಉಳಿಯುತ್ತವೆ. ಇಲ್ಲಿ ಎಲ್ಲರಿಗಿಂತ ದೊಡ್ಡವನು ಗುಲಾಮ. ಅವನಿಗೆ 3 ಅಂಕ. ಅವನ ನಂತರ ಒಂಬತ್ತು, ಅದಕ್ಕೆ 2 ಅಂಕ. ಎಕ್ಕ ಮತ್ತು ಹತ್ತಕ್ಕೆ ತಲಾ ಒಂದು. ಪಾಪ, ರಾಜನಿಗೂ ರಾಣಿಗೂ ಸೊನ್ನೆ. ಒಂದು ಬಣ್ಣಕ್ಕೆ 7 ಅಂಕದಂತೆ ನಾಲ್ಕು ಬಣ್ಣಕ್ಕೆ 28. ಎದುರುಬದುರು ಕುಳಿತವರು ಜೊತೆಗಾರರು. ಮೊದಲು ನಾಲ್ಕು ನಾಲ್ಕು ಎಲೆ ಹಂಚುತ್ತಾರೆ. ಅಷ್ಟನ್ನೇ ನೋಡಿ, ‘ನಮ್ಮ ಜೋಡಿ ಇಷ್ಟು ಅಂಕ ಗೆಲ್ಲುತ್ತದೆ’ ಎಂದು 14ರಿಂದ ಮೇಲಕ್ಕೆ ಕೂಗಬೇಕು. ಹೆಚ್ಚು ಕೂಗಿದವನು ತನಗೆ ಬೇಕಾದ ತುರುಫಿನ ಬಣ್ಣದ ಒಂದು ಎಲೆಯನ್ನು ಬೋರಲಾಗಿ ಇಡುತ್ತಾನೆ. ಆ ಬಳಿಕವೇ ಉಳಿದ ನಾಲ್ಕು ನಾಲ್ಕು ಎಲೆ ಕೈಗೆ ಬರುವುದು. ಯಾರಾದರೂ ಆಡಿದ ಬಣ್ಣ ತನ್ನಲ್ಲಿಲ್ಲದೆ ‘ತುರುಫು ತೋರಿಸು’ ಎಂದು ಕೇಳುವವರೆಗೆ ಆ ಗುಟ್ಟು ಹಾಗೆಯೇ ಇರುತ್ತದೆ. ಅರ್ಧ ಕೈ ನೋಡಿ ಮಾತು ಕೊಟ್ಟು, ಪೂರ್ತಿ ಕೈಯಲ್ಲಿ ಅದನ್ನು ಉಳಿಸಿಕೊಳ್ಳುವುದೇ ಈ ಆಟದ ಜೀವ.

ಇಪ್ಪತ್ತೆಂಟು ಮುಖ್ಯವಾಗಿ ಕೇರಳದ ಆಟ. ಅದರ ಅಣ್ಣನೆನ್ನಬಹುದಾದ ‘ಮುನ್ನೂರ ನಾಲ್ಕು’ ನಮ್ಮ ಕರಾವಳಿಯಲ್ಲೂ ಶ್ರೀಲಂಕೆಯಲ್ಲೂ ಬಳಕೆಯಲ್ಲಿದೆ. ಅಲ್ಲಿ ಗುಲಾಮನಿಗೆ 30, ಒಂಬತ್ತಕ್ಕೆ 20, ಎಕ್ಕಕ್ಕೆ 11, ಹತ್ತಕ್ಕೆ 10, ರಾಜನಿಗೆ 3, ರಾಣಿಗೆ 2. ಬಣ್ಣಕ್ಕೆ 76, ಒಟ್ಟು 304. ಇದೇ ಲೆಕ್ಕ ದಕ್ಷಿಣ ಆಫ್ರಿಕಾದ ಡರ್ಬನ್‌ನ ಭಾರತೀಯರು ಆಡುವ ‘ಥೂನಿ’ಯಲ್ಲೂ ಸಿಗುತ್ತದೆ. 1860ರಿಂದ ಕಬ್ಬಿನ ಗದ್ದೆಗಳಿಗೆ ಹಡಗೇರಿ ಹೋದ ಕೂಲಿಗಳ ವಂಶಸ್ಥರು ಅವರು. ಇನ್ನು ಗುಲಾಮನೂ ಒಂಬತ್ತೂ ತಲೆಯ ಮೇಲೆ ಕೂರುವ ಪದ್ಧತಿ ಯೂರೋಪಿನಲ್ಲೂ ಇದೆ. ಹಾಲೆಂಡಿನ ಕ್ಲಾವರ್‌ಯಾಸ್, ಸ್ವಿಜರ್ಲೆಂಡಿನ ಯಾಸ್, ಫ್ರಾನ್ಸಿನ ಬೆಲೋಟ್ ಆಟಗಳಲ್ಲಿ ತುರುಫಿನ ಬಣ್ಣದಲ್ಲಿ ಮಾತ್ರ ಅವಕ್ಕೆ ಈ ಗೌರವ. ಡಚ್ಚರು 1663ರಿಂದ 1795ರವರೆಗೆ ಕೊಚ್ಚಿಯನ್ನು ಆಳಿದರು, ಸಿಂಹಳದ ಕರಾವಳಿಯೂ ಅವರ ಕೈಯಲ್ಲಿತ್ತು. ಆಟವೂ ಆ ದಾರಿಯಲ್ಲೇ ಬಂದಿರಬೇಕೆಂಬುದು ಇತಿಹಾಸಕಾರರ ಊಹೆ. ನಾವು ‘ಕಳಾವರ್’ ಎನ್ನುವ ಬಣ್ಣಕ್ಕೆ ಡಚ್ಚರಲ್ಲಿ ‘ಕ್ಲಾವರ್’ ಎಂಬ ಹೆಸರಿರುವುದನ್ನು ಕಂಡಾಗ ಆ ಊಹೆಯನ್ನು ತಳ್ಳಿಹಾಕಲು ನನಗಂತೂ ಮನಸ್ಸು ಬಾರದು.

ಈಗ ಮೇಷ್ಟರ ದೂರು. ಚಾಪೆಯ ಮೇಲೆ ಒಂದು ಆಟ ಮುಗಿದಾಗ ಎಲೆಗಳು ನಾಲ್ಕು ನಾಲ್ಕರ ಗುಂಪಾಗಿ, ಬಹುಪಾಲು ಒಂದೇ ಬಣ್ಣದವಾಗಿ ಬಿದ್ದಿರುತ್ತವೆ. ನಾವು ಅವನ್ನು ಒಟ್ಟುಮಾಡಿ, ಕೈಯಿಂದ ಕೈಗೆ ನಾಲ್ಕಾರು ಸಲ ಜಾರಿಸಿ, ಕಲಸಿದೆವು ಅಂದುಕೊಳ್ಳುತ್ತೇವೆ. ಹಳೆಯ ಗುಂಪುಗಳು ಅದರಲ್ಲಿ ಪೂರ್ತಿ ಒಡೆಯುವುದಿಲ್ಲ. ಒಂದೊಂದೇ ಎಲೆ ಹಂಚಿದರೆ ಆ ಗುಂಪು ನಾಲ್ವರಿಗೂ ಹರಿದು ಎಲ್ಲರ ಕೈಯೂ ಸಪಾಟು. ನಾಲ್ಕು ನಾಲ್ಕಾಗಿ ಹಂಚಿದರೆ ಒಬ್ಬನಿಗೇ ಒಂದೇ ಬಣ್ಣದ ರಾಶಿ. ಕಟ್ಟನ್ನು ಎರಡು ಭಾಗ ಮಾಡಿ ಅಂಚು ಹೆಣೆದು ಸೇರಿಸುವ ಉತ್ತಮ ಕ್ರಮದಲ್ಲೂ 52 ಎಲೆ ಸರಿಯಾಗಿ ಬೆರೆಯಲು ಸುಮಾರು ಏಳು ಸಲ ಬೇಕೆಂದು ಬೇಯರ್ ಮತ್ತು ಡಯಾಕೊನಿಸ್ ಎಂಬ ಗಣಿತಜ್ಞರು 1992ರಲ್ಲಿ ತೋರಿಸಿದರು. ಬ್ರಿಜ್ ಸ್ಪರ್ಧೆಗಳಿಗೆ ಕಂಪ್ಯೂಟರ್ ಹಂಚಿದ ಎಲೆ ಬಂದಾಗಲೂ, ಕೈಗಳು ಓರೆಕೋರೆಯಾಗಿ ಬರುತ್ತಿವೆಯೆಂದು ಆಟಗಾರರು ಗೊಣಗಿದ್ದರು. ತಪ್ಪು ಯಂತ್ರದ್ದಾಗಿರಲಿಲ್ಲ. ಅವರ ಕಣ್ಣು ಪಳಗಿದ್ದುದೇ ಅರೆಬೆರೆತ ಎಲೆಗಳಿಗೆ.

ಹಾಗೆಂದು ಯಂತ್ರಕ್ಕೆ ಪೂರ್ತಿ ಕ್ಷಮಾಪಣೆ ಕೊಡುವಂತೆಯೂ ಇಲ್ಲ. 32 ಎಲೆಗಳನ್ನು ಜೋಡಿಸಬಹುದಾದ ವಿಧಗಳು ಎಷ್ಟೆಂದರೆ, 26 ಬರೆದು ಮುಂದೆ 34 ಸೊನ್ನೆ ಇಡಬೇಕು. ಕಂಪ್ಯೂಟರು ತಾನಾಗಿ ಅಡ್ಡಾದಿಡ್ಡಿ ಯೋಚಿಸಲಾರದು. ಒಂದು ಬೀಜಸಂಖ್ಯೆ ಹಿಡಿದು, ಅದರಿಂದ ಲೆಕ್ಕ ಹಾಕುತ್ತ ಎಲೆ ಕಲಸುತ್ತದೆ. ಬೀಜ ಚಿಕ್ಕದಾದರೆ ಕಲಸುವಿಕೆಯೂ ಬಡವಾಗುತ್ತದೆ. 1999ರಲ್ಲಿ ಅಮೆರಿಕದ ಕೆಲವು ತಜ್ಞರು ಅಂತರಜಾಲದ ಪೋಕರ್ ಆಟವೊಂದರ ಕಲಸುವ ಕ್ರಮವನ್ನು ಪರೀಕ್ಷಿಸಿದರು. ಬೀಜಸಂಖ್ಯೆ ಮಧ್ಯರಾತ್ರಿಯಿಂದ ಕಳೆದ ಮಿಲಿಸೆಕೆಂಡುಗಳಾಗಿತ್ತು. ದಿನಕ್ಕೆ ಇರುವುದು 8 ಕೋಟಿ 64 ಲಕ್ಷ ಮಿಲಿಸೆಕೆಂಡು. ಗಡಿಯಾರ ಹೊಂದಿಸಿಕೊಂಡರೆ ಹುಡುಕಬೇಕಾದ ಸಾಧ್ಯತೆಗಳು ಸುಮಾರು 2 ಲಕ್ಷಕ್ಕೆ ಇಳಿಯುತ್ತಿದ್ದವು. ಐದು ಎಲೆ ಗೊತ್ತಾದರೆ ಸಾಕು, ಉಳಿದವರ ಕೈಯಲ್ಲಿರುವುದನ್ನೆಲ್ಲ ಅವರು ಹೇಳಬಲ್ಲವರಾಗಿದ್ದರು. ಆ ದೋಷವನ್ನು ತಪ್ಪಿಸುವ ವಿಧಾನಗಳು ಈಗ ಚೆನ್ನಾಗಿ ತಿಳಿದಿವೆ. ಆದರೆ ನಿಮ್ಮ ಮೊಬೈಲಿನ ಆಟ ಅವನ್ನು ಅನುಸರಿಸಿದೆಯೇ ಎಂದು ತೆರೆ ನೋಡಿ ತಿಳಿಯುವುದಿಲ್ಲ. ಚಾಪೆಯಲ್ಲಿ ಕಲಸುವವನ ಕೈ ಎಲ್ಲರ ಕಣ್ಣೆದುರಿಗಿರುತ್ತಿತ್ತು. ಅನುಮಾನ ಬಂದರೆ ಕಟ್ಟು ಮುರಿಯುವ ಹಕ್ಕೂ ಇತ್ತು.

ನಿಯಮದ ವಿಷಯದಲ್ಲಿ ಮೊಬೈಲು ಬಹಳ ಕಟ್ಟುನಿಟ್ಟು. ಬಣ್ಣ ಇದ್ದೂ ಇಲ್ಲವೆನ್ನಲು ಬಿಡುವುದಿಲ್ಲ, ಆಡಬಾರದ ಎಲೆ ಮಂಕಾಗಿ ಕಾಣುತ್ತದೆ, ಒತ್ತಿದರೂ ಬೀಳದು. ಹೊಸಬರಿಗೆ ಇದು ಒಳ್ಳೆಯದೇ. ಆದರೆ ಡರ್ಬನ್ನಿನ ಥೂನಿಯಲ್ಲಿ ಎದುರಾಳಿ ಸುಳ್ಳಾಡಿದನೆಂದು ಸವಾಲು ಹಾಕಿ ಹಿಡಿಯುವುದೂ ಆಟದ ಭಾಗ. ಸುಳ್ಳೇ ಸಾಧ್ಯವಿಲ್ಲದಲ್ಲಿ ಹಿಡಿಯುವುದೇನನ್ನು? ಇನ್ನು ಜೊತೆಗಾರರ ಕಣ್ಸನ್ನೆ, ಕೆಮ್ಮು, ಎಲೆ ಬಡಿಯುವ ಸದ್ದು ಇವೆಲ್ಲ ತೆರೆಯ ಮೇಲೆ ಮಾಯ. ಅವುಗಳ ಬದಲಿಗೆ ಜೊತೆಗಾರನಿಗೆ ಗುಟ್ಟಾಗಿ ಫೋನು ಮಾಡುವ ಹೊಸ ಮೋಸ ಬಂದಿದೆ. ಕೆಮ್ಮಾದರೆ ಎದುರಾಳಿಗೂ ಕೇಳಿಸುತ್ತಿತ್ತು.

ಹಣದ ಮಾತು ಬೇರೆ. ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯ 1968ರಲ್ಲಿ ಹೇಳಿತು. ಬಿದ್ದ ಎಲೆಗಳನ್ನು ನೆನಪಿಡಬೇಕಾದ್ದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ಮೊಬೈಲಿನ ಎಷ್ಟೋ ರಮ್ಮಿಗಳಲ್ಲಿ ಬಿದ್ದ ಎಲೆಗಳನ್ನೆಲ್ಲ ಒಂದು ಗುಂಡಿ ಒತ್ತಿ ನೋಡಬಹುದಿತ್ತು! ಅದರಲ್ಲಿ ಕಳೆದ ದುಡ್ಡು, ಮುರಿದ ಮನೆಗಳ ಸುದ್ದಿ ಓದುಗರಿಗೆ ಹೊಸದಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ, ಕೌಶಲವೋ ಅದೃಷ್ಟವೋ ಎಂದು ನೋಡದೆ, ಅಂತರಜಾಲದಲ್ಲಿ ಹಣ ಕಟ್ಟಿ ಆಡುವುದನ್ನೇ ನಿಷೇಧಿಸಿತು. ಹಣವಿಲ್ಲದ ಆಟಕ್ಕೆ ಅದು ಅಡ್ಡಬರುವುದಿಲ್ಲ.

ಇಪ್ಪತ್ತೆಂಟರಲ್ಲಿ ಸೋಲಿಗೆ ತೆರಬೇಕಾದ ದಂಡ ಹಣವಲ್ಲ, ಮಾನ. ಕೇರಳದಲ್ಲಿ ಸೋತವನ ಕಿವಿಗೆ ಓಲೆಯಂತೆ ಏನಾದರೊಂದನ್ನು ನೇತುಹಾಕುತ್ತಾರೆ. ಅದಕ್ಕೆ ‘ಕುಣುಕ್ಕು’ ಎನ್ನುತ್ತಾರೆ. ಮತ್ತೆ ಗೆಲ್ಲುವವರೆಗೆ ಅದನ್ನು ತೆಗೆಯುವಂತಿಲ್ಲ. ಮೊನ್ನೆ ರಾತ್ರಿ ಮೇಷ್ಟರು 20 ಕೂಗಿ ಸೋತರು. ಯಾರೂ ಎದುರಿಗಿರಲಿಲ್ಲ. ಎದ್ದುಹೋಗಿ ಅಂಗಳದ ಹಲಸಿನ ಮರದಿಂದ ಒಂದು ಎಲೆ ಕಿತ್ತು ತಂದು, ತಾವೇ ಕಿವಿಗೆ ಸಿಕ್ಕಿಸಿಕೊಂಡು, ತಮ್ಮನಿಗೆ ಕಾಣಲೆಂದು ಮೊಬೈಲನ್ನು ಮುಖದ ಹತ್ತಿರ ಹಿಡಿದರು.