ಹಡಗಿನ ಗೋಧಿ, ಕಣದ ಆಯ

ಸುಗ್ಗಿಯಲ್ಲಿ ಗೌಡರ ಕಣದ ಅಂಚಿಗೆ ನಿಂತು ಆಯ ಈಸಿಕೊಂಡವರಿಗೆ ಜಾಗತಿಕ ಆಹಾರ ರಾಜಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷವಿಡೀ ದುಡಿದದ್ದಕ್ಕೆ ಬರಬೇಕಾದ ಕಾಳು ಅದು. ಆದರೆ ಕೊಳಗ ಗೌಡರ ಕೈಲಿರುತ್ತದೆ. ಅದು ಏಳುವವರೆಗೆ ನಮ್ಮ ತಲೆ ತಗ್ಗಿರಬೇಕು. ಕೂಲಿ ಧರ್ಮವಾಗಿಬಿಡುವುದು ಹೀಗೆ.

ದೇಶದೇಶಗಳ ನಡುವೆಯೂ ಇಂಥದೇ ಒಂದು ಕೊಳಗವಿದೆ. 1954ರಲ್ಲಿ ಅಮೆರಿಕ ಪಬ್ಲಿಕ್ ಲಾ 480 ಅನ್ನೋ ಕಾನೂನು ಮಾಡಿತು. ಹಸಿದವರ ಮೇಲಿನ ಕನಿಕರದ ಮಾತಿಗಿಂತ ಮೊದಲು ಇದ್ದದ್ದು, ತನ್ನ ಉಗ್ರಾಣಗಳಲ್ಲಿ ರಾಶಿಬಿದ್ದು ಬೆಲೆ ಇಳಿಸುತ್ತಿದ್ದ ಹೆಚ್ಚುವರಿ ಧಾನ್ಯವನ್ನು ಏನು ಮಾಡೋದು ಎಂಬ ಚಿಂತೆ. ಎಲ್ಲವೂ ಪುಕ್ಕಟೆಯಲ್ಲ. 1956ರ ಒಪ್ಪಂದದಿಂದ ಭಾರತ ರೂಪಾಯಿ ಕೊಟ್ಟೇ ಕೊಂಡಿತು. ಆ ರೂಪಾಯಿಯ ಒಂದು ಪಾಲಿನಲ್ಲಿ 1962ರಿಂದ ಅಮೆರಿಕದ ಗ್ರಂಥಾಲಯಗಳಿಗೆ ನಮ್ಮ ಭಾಷೆಗಳ ಪುಸ್ತಕ ಹೋದವು, ಕನ್ನಡದವೂ. ನನ್ನ ಪುಸ್ತಕ ಅಮೆರಿಕದಲ್ಲಿದೆ ಅಂತ ಬೀಗಿದ ಸಾಹಿತಿಗಳು ಆ ಗೋಧಿಯನ್ನೂ ನೆನೆಯಬೇಕಿತ್ತು.

1965, 66ರಲ್ಲಿ ಮಳೆ ಕೈಕೊಟ್ಟಿತು. 1966ರಲ್ಲಿ ಭಾರತ ಸುಮಾರು ಒಂದು ಕೋಟಿ ಟನ್ ಧಾನ್ಯ ತರಿಸಿಕೊಂಡಿತು. ಅಧ್ಯಕ್ಷ ಜಾನ್ಸನ್ ಅದನ್ನು ತಿಂಗಳ ಲೆಕ್ಕದಲ್ಲಿ ಬಿಡತೊಡಗಿದರು. ಕೃಷಿನೀತಿ ಬದಲಿಸಿ ಎಂಬುದು ಬಾಯಿಬಿಟ್ಟು ಹೇಳಿದ ಷರತ್ತು. ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿದ್ದರ ಸಿಟ್ಟೂ ಹಿಂದಿತ್ತು.

ಇದಕ್ಕಿಂತ ಕ್ರೂರವಾದದ್ದು 1974ರ ಬಾಂಗ್ಲಾದೇಶದ ಕತೆ. ಅದು ಕ್ಯೂಬಾಕ್ಕೆ ಸೆಣಬಿನ ಚೀಲ ಮಾರಿತ್ತು. ಕ್ಯೂಬಾದ ಜೊತೆ ವ್ಯಾಪಾರ ಮಾಡುವವರಿಗೆ ನೆರವಿಲ್ಲ ಅಂತ ಅಮೆರಿಕದ ಕಾನೂನು. ಹಡಗು ನಿಂತಿತು. ಬಾಂಗ್ಲಾ ಆ ವ್ಯಾಪಾರ ಕೈಬಿಟ್ಟು, ಗೋಧಿ ಮತ್ತೆ ಹೊರಟು ಬರುವ ಹೊತ್ತಿಗೆ ಕ್ಷಾಮ ತನ್ನ ಕೆಲಸ ಮುಗಿಸಿತ್ತು.

ನಮ್ಮ ಎಡಪಂಥೀಯ ಗೆಳೆಯರು ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಅಮೆರಿಕವನ್ನು ಬಯ್ಯುವುದು ಸುಲಭ, ಬಯ್ಯಲೂಬೇಕು. ಆದರೆ ಅಮರ್ತ್ಯ ಸೇನ್ 1981ರಲ್ಲಿ ತೋರಿಸಿದ್ದನ್ನೂ ಓದಬೇಕು. 1971ರಿಂದ 75ರವರೆಗಿನ ವರ್ಷಗಳಲ್ಲಿ ಅಲ್ಲಿ ತಲಾ ಆಹಾರ ಅತಿ ಹೆಚ್ಚಿದ್ದದ್ದು 1974ರಲ್ಲೇ! ನೆರೆ ಬಂದು ಹೊಲದ ಕೆಲಸ ಹೋಯಿತು, ಕೂಲಿ ಹೋಯಿತು. ಅಕ್ಕಿಯ ಬೆಲೆ ಮಾತ್ರ ಏರುತ್ತಲೇ ಹೋಯಿತು. ಸರ್ಕಾರದ ಪಡಿತರ ಮೊದಲು ಪಟ್ಟಣದವರಿಗೆ, ನೌಕರರಿಗೆ, ಪೊಲೀಸರಿಗೆ. ರಂಗಪುರದ ಕಡೆಯ ಭೂಮಿಯಿಲ್ಲದ ಕೂಲಿಯವನ ಸರದಿ ಬರಲೇ ಇಲ್ಲ. ಅಂದರೆ ಎರಡು ಬಾಗಿಲು. ಒಂದು ಬಂದರಿನಲ್ಲಿ, ಇನ್ನೊಂದು ಊರೊಳಗೆ. ಮೊದಲನೆಯದನ್ನು ಮಾತ್ರ ಸಾಮ್ರಾಜ್ಯಶಾಹಿ ಅಂತ ಕರೆದು ಎರಡನೆಯದನ್ನು ಸ್ಥಳೀಯ ಸಮಸ್ಯೆ ಅನ್ನುವ ವಿಮರ್ಶೆ ನಮ್ಮದಾಗಲಾರದು.

ನಮ್ಮ ಶಾಲೆಗಳಿಗೆ ಬಂದ ಅಮೆರಿಕದ ಹಳದಿ ಉಪ್ಪಿಟ್ಟು, ಹಾಲಿನ ಪುಡಿ ಅನೇಕರಿಗೆ ನೆನಪಿರಬೇಕು. ರುಚಿಯಾಗಿತ್ತು, ಸುಳ್ಳು ಹೇಳಬಾರದು. ಅದಕ್ಕಾಗೇ ಶಾಲೆಗೆ ಹೋದವರೂ ಇದ್ದರು. ಸಾವಿರಾರು ಮೈಲಿ ಸಮುದ್ರ ದಾಟಿ ಬಂದ ಆ ಕಾಳು, ಸವರ್ಣರ ಮಕ್ಕಳ ಸಾಲಿಗೂ ಕೇರಿಯ ಮಕ್ಕಳ ಸಾಲಿಗೂ ನಡುವಿನ ನಾಲ್ಕು ಮೊಳ ದಾಟಿತೇ? ತಟ್ಟೆಗೆ ಮೇಲಿನಿಂದ ಎತ್ತಿ ಹಾಕಿದ ಕೈ ಅಮೆರಿಕದ್ದಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಧಾನ್ಯವನ್ನು ಹಕ್ಕು ಅಂತ ಬರೆಯಿತು. ನ್ಯಾಯಬೆಲೆ ಅಂಗಡಿ ಯಾವ ಬೀದಿಯಲ್ಲಿರಬೇಕು ಅಂತ ಬರೆಯಲಿಲ್ಲ.

ಅತ್ತ 2025ರಲ್ಲಿ ಅಮೆರಿಕ ತನ್ನ ನೆರವಿನ ಸಂಸ್ಥೆ ಯುಎಸ್‌ಏಡ್ ಅನ್ನೇ ಮುಚ್ಚಿತು. ದುಬೈನ ಉಗ್ರಾಣದಲ್ಲಿ ಸುಮಾರು 500 ಟನ್ ಪೌಷ್ಟಿಕ ಬಿಸ್ಕತ್ತು ಹಂಚುವವರಿಲ್ಲದೆ ಅವಧಿ ಮೀರಿ, ನಾಶಪಡಿಸುವ ಪಾಲಿಗೆ ಬಿತ್ತು. ಅಫ್ಘಾನಿಸ್ತಾನ, ಪಾಕಿಸ್ತಾನದ ಮಕ್ಕಳಿಗೆ ಅಂತ ಇಟ್ಟಿದ್ದವು ಅವು.