ಗಾಳಿಯ ಲೆಕ್ಕದಲ್ಲಿ ನೆರೆಹೊರೆ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ಗಗನಚುಂಬಿ ಕಟ್ಟಡಗಳಿಲ್ಲ. ಇಲ್ಲಿ ಮುಗಿಲಿಗೆ ಮುಖಮಾಡಿ ಗಾಳಿಗೆ ಮೈಯೊಡ್ಡಿರುವುದು ಕಾಗದ ಕಾರ್ಖಾನೆಯ ಚಿಮಣಿ, ನಾಗಝರಿ ವಿದ್ಯುದಾಗಾರದಿಂದ ಹೊರಟ ತಂತಿಗಳ ಗೋಪುರಗಳು, ಸಾಗವಾನಿ ತೋಪು, ಬಿದಿರು ಮೆಳೆ. ಆದರೂ ಬೆಂಗಳೂರಿನ ಮೂವತ್ತು ಮಹಡಿಯ ಕಟ್ಟಡಕ್ಕೆ ಅನ್ವಯಿಸುವ ಗಾಳಿಯ ನಿಯಮವೇ ಇವಕ್ಕೂ ಅನ್ವಯಿಸುತ್ತದೆ. ಎತ್ತರದ ವಸ್ತುವೊಂದು ಗಾಳಿಗೆ ತಡೆದೀತೇ ಎಂಬ ಪ್ರಶ್ನೆಗೆ ಅದೊಂದನ್ನೇ ನೋಡಿ ಉತ್ತರ ಹೇಳುವುದು ತಪ್ಪು. ಅದರ ಸುತ್ತ ಏನಿದೆ, ಏನಿತ್ತು ಎಂಬುದೂ ಲೆಕ್ಕಕ್ಕೆ ಬರಬೇಕು. ಈ ಸೀಮೆಯ ಕಾಡು ಅದನ್ನು ಯಾವ ನಗರಕ್ಕಿಂತಲೂ ಚೆನ್ನಾಗಿ ತೋರಿಸಿಕೊಡುತ್ತದೆ.

ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕಟ್ಟಡಗಳ ಮೇಲಿನ ಗಾಳಿಯ ಹೊರೆಯನ್ನು ಲೆಕ್ಕ ಹಾಕುವ ಭಾರತೀಯ ಮಾನಕ 875ರ ಮೂರನೆಯ ಭಾಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲ ವೇಗ ಎಂದು ಗೊತ್ತುಮಾಡಿದೆ. ವೇಗದಲ್ಲಿ ಶೇ 18ರಷ್ಟೇ ವ್ಯತ್ಯಾಸ. ಒತ್ತಡದಲ್ಲಿ ಮಾತ್ರ ಸುಮಾರು ಶೇ 40. ಹಾಗೆಂದು ತಳ್ಳುವ ಬಲವೊಂದೇ ಅಪಾಯವಲ್ಲ. ಚಿಮಣಿಯನ್ನು ಬಳಸಿ ಹೋಗುವ ಗಾಳಿ ಅದರ ಹಿಂದೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಳಿಗಳನ್ನು ಬಿಡುತ್ತದೆ. ಪ್ರತಿ ಸುಳಿಯೂ ಚಿಮಣಿಯನ್ನು ಅಡ್ಡಕ್ಕೆ ಎಳೆಯುತ್ತದೆ. ನಾಲ್ಕು ಮೀಟರ್ ವ್ಯಾಸದ ಚಿಮಣಿಗೆ ಸೆಕೆಂಡಿಗೆ 20 ಮೀಟರ್ ವೇಗದ ಗಾಳಿ ಬೀಸಿದರೆ ಈ ಎಡ-ಬಲದ ಸರದಿ ಸೆಕೆಂಡಿಗೆ ಹೆಚ್ಚುಕಡಿಮೆ ಒಮ್ಮೆ ಮುಗಿಯುತ್ತದೆ. ಚಿಮಣಿಯ ಸಹಜ ತೂಗಾಟದ ಲಯವೂ ಅದೇ ಆಗಿಬಿಟ್ಟರೆ, ವಿನ್ಯಾಸದ ಗರಿಷ್ಠ ವೇಗ ಮುಟ್ಟದ ಗಾಳಿಯಲ್ಲೂ ತೂಗಾಟ ಬೆಳೆಯುತ್ತಲೇ ಹೋಗುತ್ತದೆ. ಉಕ್ಕಿನ ಚಿಮಣಿಗಳ ತುದಿಗೆ ಸುರುಳಿಯಾಗಿ ಪಟ್ಟಿ ಸುತ್ತುವುದು ಸುಳಿಗಳು ಒಟ್ಟಾಗಿ ಏಳದಂತೆ ಮಾಡಲೆಂದೇ.

ಇದುವರೆಗಿನದು ಒಂಟಿಯಾಗಿ ನಿಂತ ಚಿಮಣಿಯ ಲೆಕ್ಕ, ನೆರೆಹೊರೆಯ ಮಾತು ಬರುವುದು ತೋಪಿನಲ್ಲಿ. ಒತ್ತಾಗಿ ಬೆಳೆದ ಸಾಗವಾನಿ ಬೆಳಕಿಗಾಗಿ ಮೇಲೇರುತ್ತದೆ. ಕಾಂಡ ಸಪೂರ, ಬೇರಿನ ಹಿಡಿತ ಸಾಧಾರಣ, ಏಕೆಂದರೆ ಗಾಳಿಯ ಪೆಟ್ಟನ್ನು ಸುತ್ತಲಿನ ಮರಗಳು ಹಂಚಿಕೊಂಡಿರುತ್ತವೆ. ಅಂಚಿನ ಮರವೋ ಚಿಕ್ಕಂದಿನಿಂದಲೇ ಗಾಳಿ ತಿಂದು ಬುಡ ದಪ್ಪಗಾಗಿಸಿಕೊಂಡಿರುತ್ತದೆ. ರಸ್ತೆಗೋ ತಂತಿಗೋ ಆ ಅಂಚನ್ನೇ ಕಡಿದರೆ ಒಳಗಿನ ಮರ ತಾನು ಕಂಡರಿಯದ ಗಾಳಿಗೆ ಎದುರಾಗುತ್ತದೆ. ನೆರೆ ಯಾವಾಗಲೂ ಆಸರೆಯೇ ಎಂದೂ ಹೇಳಲಾಗದು. 1965ರ ನವೆಂಬರ್ 1ರಂದು ಇಂಗ್ಲೆಂಡಿನ ಫೆರಿಬ್ರಿಜ್ ವಿದ್ಯುತ್ ಸ್ಥಾವರದಲ್ಲಿ ಸುಮಾರು 114 ಮೀಟರ್ ಎತ್ತರದ ಎಂಟು ತಂಪುಗೋಪುರಗಳ ಪೈಕಿ ಮೂರು ಉರುಳಿದವು. ಗಾಳಿಯನ್ನು ಮೊದಲು ಎದುರಿಸಿದ ಸಾಲು ನಿಂತಿತು, ಅದರ ಹಿಂದಿನ ಸಾಲಿನವು ಬಿದ್ದವು. ಮುಂದಿನ ಗೋಪುರಗಳ ನಡುವಿನಿಂದ ನುಗ್ಗಿದ ಗಾಳಿಯ ಹೊಯ್ದಾಟ ವಿನ್ಯಾಸದ ಲೆಕ್ಕದಲ್ಲಿ ಸರಿಯಾಗಿ ಸೇರಿರಲಿಲ್ಲ. ಕ್ಷಣಿಕ ರಭಸದ ಬದಲು ಸರಾಸರಿ ವೇಗವನ್ನು ನೆಚ್ಚಿದ್ದೂ ಮುಳುವಾಯಿತು.

ದಪ್ಪಗೆ, ಬಿಗಿಯಾಗಿ ಕಟ್ಟಿದರೆ ಸಾಲದೇ ಎಂಬ ವಾದವಿದೆ. ಬಿಗಿತ ನಿಜಕ್ಕೂ ನೆರವಾಗುತ್ತದೆ, ಆದರೆ ನೂರು ಮೀಟರ್ ಎತ್ತರದ ಕಟ್ಟಡ ಸುಮಾರು ಎರಡು ಸೆಕೆಂಡಿಗೊಮ್ಮೆ ತೂಗುವುದನ್ನು ಪೂರ್ತಿ ನಿಲ್ಲಿಸಲು ಹೊರಟರೆ ಖರ್ಚಿಗೆ ಕೊನೆಯಿಲ್ಲ. ತೈಪೆ 101 ಕಟ್ಟಡದಲ್ಲಿ 660 ಟನ್ನಿನ ಉಕ್ಕಿನ ಗುಂಡನ್ನು ತೂಗುಬಿಟ್ಟು ಅದರ ತೂಗಾಟವನ್ನು ತಗ್ಗಿಸಿದ್ದಾರೆ. ಬಾಗಲು ಬಿಟ್ಟು ಮಿತಿ ಮೀರದಂತೆ ಕಾಯುವುದೇ ಜಾಣ ದಾರಿ, ಟೊಳ್ಳು ಬಿದಿರು ಬಾಳುವುದೂ ಹಾಗೆಯೇ. ನಮ್ಮೂರಿನ ನಾಲ್ಕು ಮಹಡಿಗೆ ಇದೆಲ್ಲ ಯಾಕೆ ಎಂದರೆ, ಒಪ್ಪಬೇಕಾದ್ದೇ. ಅಷ್ಟು ಗಿಡ್ಡ ಕಟ್ಟಡ ತೂಗುವುದು ಅಷ್ಟಕ್ಕಷ್ಟೆ. ಅದರ ಪಕ್ಕದ ಮರ ತೂಗುತ್ತದೆ. 2015ರ ಪರಿಷ್ಕರಣೆಯಲ್ಲಿ ಗಾಳಿಯ ಮಾನಕ ನೆರೆಯ ಕಟ್ಟಡದ ಪರಿಣಾಮಕ್ಕೂ ಗುಣಕ ಕೊಟ್ಟಿದೆ. ಮರಗಳಿಗೆ ಅಂಥ ಗುಣಕ ಅದರಲ್ಲಿಲ್ಲ. ತೋಪನ್ನು ಸವರಿ ನಿವೇಶನ ಮಾಡುವಾಗ ನೆರಳಿಗೆಂದು ನಡುವಿನ ಒಂದೆರಡು ಉದ್ದನೆಯ ಮರ ಉಳಿಸುವುದಕ್ಕಿಂತ, ಮುಂಗಾರು ಬೀಸುವ ನೈಋತ್ಯದ ಅಂಚಿನ ಸಾಲನ್ನು ಹಾಗೆಯೇ ಬಿಡುವುದು ಸರಿ. ಒಳಗಿನವನ್ನು ತೆಗೆಯಲೇಬೇಕಾದರೆ ಒಮ್ಮೆಲೇ ಬೇಡ, ಉಳಿದವಕ್ಕೆ ಬೇರು ಗಟ್ಟಿಮಾಡಿಕೊಳ್ಳಲು ಕೆಲವು ಮಳೆಗಾಲ ಸಿಗುವಂತೆ ಹಂತಹಂತವಾಗಿ ತೆಗೆಯಬೇಕು.