ಕಾರಿನಲ್ಲಿ ಮಲಗುವ ವಿದ್ಯಾರ್ಥಿಗಳು

ಕಾರು ಎಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಸಿರಿವಂತಿಕೆಯ ಚಿತ್ರ. ಆದುದರಿಂದ ಕಾರಿನ ಒಡೆಯನಾದ ವಿದ್ಯಾರ್ಥಿಯೊಬ್ಬನು ಮಲಗಲು ಮನೆಯಿಲ್ಲದೆ ಅದರ ಹಿಂದಿನ ಆಸನದಲ್ಲಿಯೇ ಮುದುಡಿಕೊಂಡು ರಾತ್ರಿ ಕಳೆಯುತ್ತಾನೆ ಎಂದರೆ ಕೇಳುವವರಿಗೆ ಅದೊಂದು ಒಗಟಿನಂತೆ ತೋರಬಹುದು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿರುವ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಇದು ಒಗಟಲ್ಲ, ನಿತ್ಯದ ಸಂಗತಿ. ಇಂತಹ ವಿದ್ಯಾರ್ಥಿಗಳು ರಾತ್ರಿಯ ವೇಳೆ ತಮ್ಮ ಕಾಲೇಜಿನ ವಾಹನ ನಿಲುಗಡೆಯ ಬಯಲಿನಲ್ಲಿಯೇ ಕಾರು ನಿಲ್ಲಿಸಿ ಮಲಗಲು ಅನುಮತಿ ಕೊಡಬಹುದೇ ಎಂಬ ಪ್ರಶ್ನೆ ಅಲ್ಲಿನ ಶಾಸನಸಭೆಯ ಮುಂದೆ ಒಂದಕ್ಕಿಂತ ಹೆಚ್ಚು ಸಲ ಬಂದಿದೆ. ನೋಡಲು ಚಿಕ್ಕದಾದ ಈ ಪ್ರಶ್ನೆಯ ಹಿಂದೆ ದೊಡ್ಡ ಕಥೆಯಿದೆ. ಅದನ್ನು ಈಗ ಕೊಂಚ ವಿಚಾರಿಸೋಣ.

ಮೊದಲು ಈ ಕಾಲೇಜುಗಳ ಸ್ವರೂಪವನ್ನು ತಿಳಿಯಬೇಕು. 1960ರಲ್ಲಿ ಕ್ಯಾಲಿಫೋರ್ನಿಯ ರಾಜ್ಯವು ತನ್ನ ಉನ್ನತ ಶಿಕ್ಷಣಕ್ಕೆ ಒಂದು ಮಹಾಯೋಜನೆಯನ್ನು ಹಾಕಿಕೊಂಡಿತು. ಆಗ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ಕ್ಲಾರ್ಕ್ ಕೆರ್ ಅವರ ಹೆಸರು ಈ ಯೋಜನೆಯೊಡನೆ ಬೆಸೆದುಕೊಂಡಿದೆ. ಅದರ ಪ್ರಕಾರ ಉನ್ನತ ಶಿಕ್ಷಣ ಮೂರು ಅಂತಸ್ತುಗಳಾಗಿ ವಿಂಗಡವಾಯಿತು. ಮೇಲೆ ಸಂಶೋಧನೆಗೆ ಹೆಸರಾದ ವಿಶ್ವವಿದ್ಯಾನಿಲಯ, ನಡುವೆ ರಾಜ್ಯ ಕಾಲೇಜುಗಳು, ತಳದಲ್ಲಿ ಯಾರು ಬಂದರೂ ಬಾಗಿಲು ತೆರೆಯುವ ಸಮುದಾಯ ಕಾಲೇಜುಗಳು. ಇಂದು ಈ ಸಮುದಾಯ ಕಾಲೇಜುಗಳ ಸಂಖ್ಯೆ 116. ಅಲ್ಲಿ ಓದುವವರು ಸುಮಾರು 20 ಲಕ್ಷ. ಕಾರ್ಮಿಕರ ಮಕ್ಕಳು, ವಲಸೆ ಬಂದವರು, ದುಡಿಯುತ್ತಲೇ ಓದುವ ನಡುವಯಸ್ಸಿನವರು, ಒಮ್ಮೆ ಓದು ಬಿಟ್ಟು ಮರಳಿ ಬಂದವರು, ಇವರೆಲ್ಲರಿಗೂ ವಿದ್ಯೆಯ ಮೊದಲ ಮೆಟ್ಟಿಲು ಅದೇ.

ಈ ಕಾಲೇಜುಗಳನ್ನು ಕಲ್ಪಿಸಿಕೊಂಡವರು ಒಂದು ಸಂಗತಿಯನ್ನು ಗೃಹೀತ ಹಿಡಿದಿದ್ದರು. ಇಲ್ಲಿಗೆ ಬರುವವರು ಸುತ್ತಮುತ್ತಣ ಊರಿನವರು. ಬೆಳಗ್ಗೆ ಬರುತ್ತಾರೆ, ಸಂಜೆ ತಂದೆತಾಯಿಗಳ ಮನೆಗೋ ತಮ್ಮ ಮನೆಗೋ ಹೋಗುತ್ತಾರೆ ಎಂದು. ಆದುದರಿಂದ ಬಹುಪಾಲು ಕಾಲೇಜುಗಳಿಗೆ ವಿದ್ಯಾರ್ಥಿನಿಲಯಗಳೇ ಇಲ್ಲ. ಅದು ಕಾರಿನ ಯುಗವಾದುದರಿಂದ ವಿಶಾಲವಾದ ನಿಲುಗಡೆಯ ಬಯಲುಗಳು ಮಾತ್ರ ಬೇಕಾದಷ್ಟಿವೆ. ಹಗಲೆಲ್ಲ ಸಾಲುಗಟ್ಟಿ ನಿಂತ ವಾಹನಗಳಿಂದ ತುಂಬಿರುವ ಈ ಬಯಲುಗಳು ರಾತ್ರಿಯಾದರೆ ದೀಪದ ಕಂಬಗಳ ಕೆಳಗೆ ಬರಿದಾಗಿ ಬಿದ್ದಿರುತ್ತವೆ. ಸಂಜೆ ಹಿಂತಿರುಗಲು ವಿದ್ಯಾರ್ಥಿಗೆ ಮನೆಯಿದೆ ಎಂಬ ನಂಬಿಕೆ ಸುಳ್ಳಾದಾಗ ಏನು ಮಾಡಬೇಕೆಂಬುದಕ್ಕೆ ಆ ಮಹಾಯೋಜನೆಯಲ್ಲಿ ಉತ್ತರವಿರಲಿಲ್ಲ.

ಆ ನಂಬಿಕೆ ಸುಳ್ಳಾದದ್ದು ಹೇಗೆ? ಈ ಕಾಲೇಜುಗಳ ಬೋಧನಾ ಶುಲ್ಕ ಇಂದಿಗೂ ಆ ದೇಶದ ಮಟ್ಟಿಗೆ ಅಲ್ಪವೇ. 1984ರವರೆಗೆ ಶುಲ್ಕವೇ ಇರಲಿಲ್ಲ. ಈಗ ಪಾಠದ ಒಂದು ಮಾನಕ್ಕೆ 46 ಡಾಲರು. ಪೂರ್ಣಕಾಲದ ವಿದ್ಯಾರ್ಥಿ ಒಂದು ಅರ್ಧವರ್ಷಕ್ಕೆ 12 ಮಾನಗಳನ್ನು ತೆಗೆದುಕೊಂಡರೆ 552 ಡಾಲರಾಯಿತು. ತೀರ ಬಡವರಿಗೆ ಅದೂ ಮಾಫಿ. ಆದರೆ ಲಾಸ್ ಏಂಜಲೀಸ್ ಅಥವಾ ಸ್ಯಾನ್ ಫ್ರಾನ್ಸಿಸ್ಕೊ ಸೀಮೆಯಲ್ಲಿ ಒಂದು ಕೋಣೆಯ ಒಂದು ತಿಂಗಳ ಬಾಡಿಗೆಯೇ ಇದನ್ನು ಮೀರುತ್ತದೆ. ಜನ ಹೆಚ್ಚಿದಂತೆ, ಉದ್ಯಮಗಳು ಬೆಳೆದಂತೆ, ಮನೆಗಳು ಹೆಚ್ಚಲಿಲ್ಲ. ನಗರದ ಬಹುಭಾಗದಲ್ಲಿ ಒಂದು ನಿವೇಶನಕ್ಕೆ ಒಂದೇ ಮನೆ ಎಂಬ ನಿಯಮ ಬಹುಕಾಲ ನಡೆದುಬಂದದ್ದು ಇದಕ್ಕೊಂದು ಮುಖ್ಯ ಕಾರಣ. ಹೀಗೆ ವಿದ್ಯೆ ಅಗ್ಗವಾಗಿಯೂ ವಿದ್ಯಾರ್ಥಿ ತಲೆಯಿಡುವ ನೆಲ ದುಬಾರಿಯಾಗಿಯೂ ಪರಿಣಮಿಸಿತು.

ಈ ಸಂಕಟದ ವಿಸ್ತಾರವನ್ನು ತಿಳಿಯಲು 2019ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ನೆರವಾಗುತ್ತದೆ. 57 ಸಮುದಾಯ ಕಾಲೇಜುಗಳ ಸುಮಾರು 40,000 ವಿದ್ಯಾರ್ಥಿಗಳು ಅದಕ್ಕೆ ಉತ್ತರವಿತ್ತಿದ್ದರು. ಅವರಲ್ಲಿ ನೂರಕ್ಕೆ 19 ಮಂದಿ ಹಿಂದಿನ ವರ್ಷದಲ್ಲಿ ಒಂದಲ್ಲ ಒಂದು ಸಮಯ ಮನೆಯಿಲ್ಲದೆ ಕಳೆದವರು. ಇದು ಉತ್ತರಿಸಲು ಮುಂದೆ ಬಂದವರ ಲೆಕ್ಕ, ಎಲ್ಲ ವಿದ್ಯಾರ್ಥಿಗಳ ಲೆಕ್ಕವಲ್ಲ ಎಂಬುದನ್ನು ನೆನಪಿಡಬೇಕು. ಮನೆಯಿಲ್ಲದವರು ಎಂದರೆ ಎಲ್ಲರೂ ಬೀದಿಯಲ್ಲಿ ಮಲಗಿದವರೂ ಅಲ್ಲ. ಇಂದು ಗೆಳೆಯನ ಮನೆಯ ಸೋಫಾ, ನಾಳೆ ಬಂಧುವಿನ ಮನೆಯ ಮೂಲೆ, ನಾಡಿದ್ದು ಎಲ್ಲಿಯೋ ಎಂಬ ಸ್ಥಿತಿಯಲ್ಲಿರುವವರೂ ಈ ಲೆಕ್ಕದಲ್ಲಿದ್ದಾರೆ. ವಾರಾನ್ನ ಉಂಡು ಓದಿದ ಹಿರಿಯರ ಕಥೆ ಕೇಳಿ ಬೆಳೆದ ನಮಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ; ಇಲ್ಲಿ ಅನ್ನದ ಬದಲು ನಿದ್ರೆಗೆ ವಾರ ಹಚ್ಚಿಕೊಳ್ಳಬೇಕಾಗಿದೆ, ಅಷ್ಟೇ.

ಇನ್ನು ಮೊದಲಿನ ಒಗಟಿಗೆ ಬರೋಣ. ಮನೆಯಿಲ್ಲದವನಿಗೆ ಕಾರೆಲ್ಲಿಂದ ಬಂತು? ಊರುಗಳು ಹರಡಿಕೊಂಡು, ಬಸ್ಸುಗಳು ವಿರಳವಾಗಿರುವ ಆ ನಾಡಿನಲ್ಲಿ ಕಾರು ಭೋಗದ ವಸ್ತುವಲ್ಲ; ಕೆಲಸಕ್ಕೂ ಕಾಲೇಜಿಗೂ ಹೋಗಲು ಕಾಲಿದ್ದಂತೆ. ಹಳೆಯ ಕಾರೊಂದನ್ನು ಹೇಗೋ ಕೊಂಡಿಟ್ಟುಕೊಳ್ಳಬಹುದು. ಬಾಡಿಗೆ ಮನೆಗಾದರೋ ಮುಂಗಡ ಹಣ ಬೇಕು, ಸ್ಥಿರವಾದ ವರಮಾನದ ದಾಖಲೆ ಬೇಕು, ಹಲವು ವೇಳೆ ಜಾಮೀನಿಗೊಬ್ಬರು ಬೇಕು. ಇವಾವುವೂ ಇಲ್ಲದವನು ಮನೆಯನ್ನು ಕಳೆದುಕೊಂಡರೂ ಕಾರನ್ನು ಬಿಡುವುದಿಲ್ಲ. ಕಾರು ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ಓದು ಹೋಯಿತು. ಕೊನೆಗೆ ಆ ಕಾರೇ ಅವನ ಮಲಗುವ ಮನೆ, ಬಟ್ಟೆಯ ಪೆಟ್ಟಿಗೆ, ಪುಸ್ತಕದ ಕಪಾಟು ಎಲ್ಲವೂ ಆಗುತ್ತದೆ.

ಆ ಮನೆಯಲ್ಲಿ ರಾತ್ರಿ ಕಳೆಯುವುದೆಂದರೆ ಏನು? ಚಳಿಗೆ ಎಂಜಿನನ್ನು ನಡೆಸಿ ಮಲಗುವಂತಿಲ್ಲ. ಎಣ್ಣೆಯ ಖರ್ಚು ಒಂದಾದರೆ, ವಿಷವಾಯುವಿನ ಭಯ ಇನ್ನೊಂದು. ಕಿಟಕಿ ಮುಚ್ಚಿದರೆ ಉಸಿರಿನ ತೇವ ಗಾಜಿನ ಮೇಲೆ ಹನಿಯುತ್ತದೆ, ತೆರೆದರೆ ಕಳ್ಳರ ಅಂಜಿಕೆ. ಒಬ್ಬಂಟಿ ಹೆಣ್ಣುಮಗಳಾದರಂತೂ ಆ ಅಂಜಿಕೆ ಇಮ್ಮಡಿ. ಎಲ್ಲಕ್ಕಿಂತ ಮಿಗಿಲಾದುದು ನಡುರಾತ್ರಿಯಲ್ಲಿ ಪೊಲೀಸರು ಗಾಜು ತಟ್ಟಿ ಎಬ್ಬಿಸುವ ಭಯ. ದಂಡ ತೆರಲಾರದೆ ಕಾರನ್ನು ಎಳೆದೊಯ್ದರೆ ಅವನ ಇಡೀ ಸಂಸಾರವೇ ಹೋದಂತೆ. ಮರುದಿನ ಬೆಳಗ್ಗೆ ಎಂಟಕ್ಕೆ ಗಣಿತದ ಪರೀಕ್ಷೆಯಿದ್ದರೆ ಅವನು ಯಾವ ಮನಸ್ಸಿನಿಂದ ಬರೆದಾನು?

ಕಾನೂನಿನ ಮಾತೂ ಸರಳವಾಗಿಲ್ಲ. ವಾಹನದಲ್ಲಿ ವಾಸಿಸುವುದನ್ನು ನಿಷೇಧಿಸಿದ್ದ ಲಾಸ್ ಏಂಜಲೀಸ್ ನಗರದ ಕಟ್ಟಳೆಯನ್ನು 2014ರಲ್ಲಿ ಒಕ್ಕೂಟದ ಮೇಲ್ಮನವಿ ನ್ಯಾಯಾಲಯ ರದ್ದುಗೊಳಿಸಿತು. ಏನು ಮಾಡಿದರೆ ತಪ್ಪು, ಏನು ಮಾಡಿದರೆ ತಪ್ಪಲ್ಲ ಎಂಬುದೇ ತಿಳಿಯದಷ್ಟು ಅದು ಅಸ್ಪಷ್ಟವಾಗಿತ್ತೆಂಬುದು ನ್ಯಾಯಾಲಯದ ಅಭಿಪ್ರಾಯ. ಆದರೆ 2024ರಲ್ಲಿ, ಆರಿಗನ್ ರಾಜ್ಯದ ಗ್ರ್ಯಾಂಟ್ಸ್ ಪಾಸ್ ಎಂಬ ಊರಿನ ಮೊಕದ್ದಮೆಯಲ್ಲಿ, ಸಾರ್ವಜನಿಕ ಸ್ಥಳಗಳಲ್ಲಿ ಬೀಡುಬಿಟ್ಟು ಮಲಗುವುದನ್ನು ಊರಾಡಳಿತಗಳು ದಂಡನೀಯವೆಂದು ಮಾಡಬಹುದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಆರು ಮತ್ತು ಮೂರರ ಬಹುಮತದಿಂದ ತೀರ್ಪಿತ್ತಿತು. ಬೀದಿಯ ಆಸರೆ ಹೀಗೆ ಸಂದೇಹಾಸ್ಪದವಾದಾಗ ಕಾಲೇಜಿನ ಅಂಗಳದ ಬೆಲೆ ಹೆಚ್ಚುತ್ತದೆ.

2019ರಲ್ಲಿ ಮಾರ್ಕ್ ಬರ್ಮನ್ ಎಂಬ ಶಾಸಕರು ಮಂಡಿಸಿದ 302ನೆಯ ಮಸೂದೆಯ ಹಿನ್ನೆಲೆ ಇದು. ಜಗತ್ತಿನ ಅತ್ಯಂತ ಶ್ರೀಮಂತ ಉದ್ಯಮಗಳ ನೆಲೆಯಾದ ಪ್ಯಾಲೊ ಆಲ್ಟೊ ಸೀಮೆಯೇ ಅವರ ಕ್ಷೇತ್ರವೆಂಬುದು ಗಮನಾರ್ಹ. ಕಾಲೇಜಿಗೆ ಸೇರಿ, ಶುಲ್ಕ ತೆತ್ತು ಅಥವಾ ಅದರ ಮಾಫಿ ಪಡೆದು, ನಡತೆಯಲ್ಲಿ ಕುಂದಿಲ್ಲದ ಮನೆಯಿಲ್ಲದ ವಿದ್ಯಾರ್ಥಿಗಳಿಗೆ ಸಮುದಾಯ ಕಾಲೇಜುಗಳು ರಾತ್ರಿ ನಿಲುಗಡೆಗೆ ಅವಕಾಶ ಕೊಡಬೇಕೆಂಬುದು ಅದರ ಸಾರ. ಕೆಳಮನೆ ಅದನ್ನು ಒಪ್ಪಿತು. ಮೇಲ್ಮನೆಯ ಹಣಕಾಸಿನ ಸಮಿತಿಯಲ್ಲಿ ಬಂದ ತಿದ್ದುಪಡಿಗಳಿಂದ ಅದರ ಸತ್ತ್ವವೇ ಹೋಯಿತೆಂದು ಕಂಡಾಗ ಬರ್ಮನ್ ಅವರೇ ಅದನ್ನು ಕೈಬಿಟ್ಟರು. 2025ರಲ್ಲಿ ಕೋರಿ ಜ್ಯಾಕ್ಸನ್ ಎಂಬ ಶಾಸಕರು ಅದೇ ಉದ್ದೇಶದ ಇನ್ನೊಂದು ಮಸೂದೆಯನ್ನು ತಂದರು.

ವಿರೋಧಿಸಿದವರೆಲ್ಲ ಕಲ್ಲೆದೆಯವರೆಂದು ಭಾವಿಸಬೇಕಾಗಿಲ್ಲ. ರಾತ್ರಿಯೆಲ್ಲ ಕಾವಲು ಬೇಕು, ಶೌಚಾಲಯಗಳು ತೆರೆದಿರಬೇಕು, ಅನಾಹುತವಾದರೆ ಹೊಣೆ ಯಾರದು ಎಂದು ಕೇಳಿದವರು ಕಾಲೇಜಿನ ಆಡಳಿತಗಾರರು. ಪಾಠಕ್ಕೆಂದು ಬಂದ ಹಣದಲ್ಲಿ ಕಾವಲುಗಾರನ ಸಂಬಳ ಕೊಡಬೇಕೇ ಎಂಬುದು ನ್ಯಾಯವಾದ ಪ್ರಶ್ನೆಯೇ. ಇದಕ್ಕಿಂತ ಆಳವಾದ ಆಕ್ಷೇಪ ವಿದ್ಯಾರ್ಥಿಗಳ ಹಿತೈಷಿಗಳಿಂದಲೇ ಬಂದಿತು. ಕಾರಿನಲ್ಲಿ ಮಲಗಲು ಪರವಾನಗಿ ಕೊಟ್ಟು ಕರ್ತವ್ಯ ಮುಗಿಯಿತೆಂದು ಸರ್ಕಾರ ಕೈತೊಳೆದುಕೊಳ್ಳುವುದಿಲ್ಲವೇ? ಇಂದಿನ ತಾತ್ಕಾಲಿಕ ನಾಳೆಯ ಶಾಶ್ವತವಾಗದೇ? ಮನೆ ಕೇಳಿದವನಿಗೆ ಬಯಲು ತೋರಿಸಿದಂತಾಗದೇ?

ಇದಕ್ಕೆ ಉತ್ತರವನ್ನು ವಾದದಲ್ಲಿ ಹುಡುಕುವುದಕ್ಕಿಂತ ಕಾರ್ಯದಲ್ಲಿ ನೋಡುವುದು ಮೇಲು. ಸ್ಯಾಂಟ ಬಾರ್ಬರ ನಗರದಲ್ಲಿ 2004ರಿಂದಲೇ ಸೇವಾಸಂಸ್ಥೆಯೊಂದು ವಾಹನವಾಸಿಗಳಿಗೆ ನಿರ್ಭಯವಾದ ನಿಲುಗಡೆಯನ್ನು ಏರ್ಪಡಿಸಿದೆ. ಸಮುದಾಯ ಕಾಲೇಜುಗಳ ಸ್ನಾನಗೃಹಗಳು ಮನೆಯಿಲ್ಲದ ವಿದ್ಯಾರ್ಥಿಗಳಿಗೂ ದೊರೆಯಬೇಕೆಂಬ ಕಾನೂನು 2016ರಲ್ಲಿಯೇ ಆಗಿದೆ. ಶಾಸನದ ಒತ್ತಾಯವಿಲ್ಲದೆಯೇ ಲಾಂಗ್ ಬೀಚ್ ಸಿಟಿ ಕಾಲೇಜು 2021ರಲ್ಲಿ ತನ್ನ ನಿಲುಗಡೆಯ ಕಟ್ಟಡವೊಂದನ್ನು ರಾತ್ರಿಯ ವೇಳೆ ಇಂತಹವರಿಗೆ ತೆರೆಯಿತು. ಕಾವಲು, ಶೌಚಾಲಯ, ಬೆಳಗಿನ ಸ್ನಾನ, ಓದಿಗೆ ಅಂತರಜಾಲ, ಇವುಗಳ ಜೊತೆಗೆ ಸ್ಥಿರವಾದ ಮನೆ ಹುಡುಕಲು ಸಿಬ್ಬಂದಿಯ ನೆರವು. ಮೊದಲು ಅಲ್ಲಿ ತಂಗಿದವರ ಸಂಖ್ಯೆ ಬಹಳವಲ್ಲ, ಬೆರಳೆಣಿಕೆಯಷ್ಟೆ. ಆದರೂ ಈ ವ್ಯವಸ್ಥೆಯ ಮರ್ಮ ಕೊನೆಯ ಅಂಶದಲ್ಲಿದೆ. ಕತ್ತಲಲ್ಲಿ ಎಲ್ಲಿಯೋ ಅಡಗಿ ಮಲಗುವವನನ್ನು ಯಾರೂ ಕಾಣರು; ಕಾಣದವನಿಗೆ ನೆರವು ತಲುಪುವುದಿಲ್ಲ. ಅಂಗಳಕ್ಕೆ ಬಂದವನ ಹೆಸರು ಕಾಲೇಜಿಗೆ ತಿಳಿಯುತ್ತದೆ, ಅವನ ಪಾಡು ಲೆಕ್ಕಕ್ಕೆ ಬರುತ್ತದೆ. ಹೀಗೆ ಬಯಲು ಮನೆಗೆ ಬದಲಾಗದಿದ್ದರೂ ಮನೆಯ ಹಾದಿಗೆ ಬಾಗಿಲಾಗಬಲ್ಲದು.

ವಿದ್ಯಾರ್ಥಿನಿಲಯಗಳನ್ನು ಕಟ್ಟುವುದೇ ನಿಜವಾದ ಪರಿಹಾರವೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. 2021ರಲ್ಲಿ ಕ್ಯಾಲಿಫೋರ್ನಿಯ ಸರ್ಕಾರ ಅದಕ್ಕಾಗಿ ಅನುದಾನದ ಯೋಜನೆಯೊಂದನ್ನು ಆರಂಭಿಸಿದೆ. ಆದರೆ ಕಟ್ಟಡ ಮೇಲೇಳಲು ವರ್ಷಗಳು ಬೇಕು. ಎರಡು ವರ್ಷದ ಓದಿಗೆ ಬಂದ ವಿದ್ಯಾರ್ಥಿಗೆ ಅಷ್ಟು ಕಾಯುವ ವ್ಯವಧಾನವಿಲ್ಲ. ಅವನಿಗೆ ಬೇಕಾದುದು ಇಂದಿನ ರಾತ್ರಿಯ ನಿದ್ರೆ. ಮನೆ ಕಟ್ಟುವ ಮಾತನ್ನು ಮುಂದಿಟ್ಟು ಇಂದಿನ ರಾತ್ರಿಯನ್ನು ಮರೆಯುವುದೂ ತಪ್ಪು, ಇಂದಿನ ರಾತ್ರಿಗೆ ಬಯಲು ಕೊಟ್ಟೆವೆಂದು ಮನೆಯನ್ನು ಮರೆಯುವುದೂ ತಪ್ಪು. ಹಗಲಿನಲ್ಲಿ ತನ್ನ ವಿದ್ಯಾರ್ಥಿಯೆಂದು ಒಪ್ಪಿಕೊಂಡವನನ್ನು ಸೂರ್ಯ ಮುಳುಗಿದ ಮೇಲೆ ಅಪರಿಚಿತನೆಂದು ಹೊರಗಟ್ಟುವುದು ವಿದ್ಯಾಸಂಸ್ಥೆಗೆ ಸಲ್ಲುವುದೇ ಎಂಬುದನ್ನು ಪ್ರತಿಯೊಂದು ಕಾಲೇಜೂ ತನಗೆ ತಾನೇ ಕೇಳಿಕೊಳ್ಳಬೇಕಾಗಿದೆ.